ಬಿಚ್ಚಿದ ಗಂಟಿನ ಸುಕ್ಕು

ಅಕ್ಕನ ಕೈ ಮೊದಲ ಸಲ ತಪ್ಪಿದ್ದು ಚಳಿ ಇನ್ನೇನು ಮುಗಿಯಿತು ಅನ್ನುವ ದಿನಗಳಲ್ಲಿ, ಬೆಳಗಿನ ಒಂಬತ್ತರ ಸುಮಾರಿಗೆ, ಕಿಟಕಿಯ ಬಿಸಿಲು ಅಂಗಡಿ ಗೋಡೆಯ ಎರಡನೆಯ ಮೊಳೆ ಮುಟ್ಟುವ ಹೊತ್ತಿಗೆ. ಮೂರನೆಯ ಮೊಳೆಗೆ ಬಂದರೆ ಹತ್ತು ಗಂಟೆ, ಆರನೆಯದಕ್ಕೆ ಬಂದರೆ ಊಟದ ಹೊತ್ತು. ಅಂಗಡಿಯಲ್ಲಿ ಗಡಿಯಾರ ಇರಲಿಲ್ಲ ಅಂತಲ್ಲ; ತಂಗಿಯ ಗಂಡನೇ ಗಡಿಯಾರ ರಿಪೇರಿಯವನು, ಮದುವೆಯಾದ ವರ್ಷವೇ ಒಂದನ್ನು ತಂದು ತಗುಲಿಹಾಕಿ ಹೋಗಿದ್ದ. ಆದರೂ ಅಕ್ಕನಿಗೆ ಮೊಳೆಗಳ ಮೇಲೇ ನಂಬಿಕೆ. ಆ ಹೊತ್ತಿನಲ್ಲಿ ಅವಳು ಮೇಷ್ಟ್ರ ಕೋಟಿಗೆ ತೋಳು ಕೂರಿಸಿ ಮುಗಿಸಿ, ಕೋಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದಳು. ಎರಡೂ ಎಡ ತೋಳು. ನಲವತ್ತಾರು ವರ್ಷ ಕತ್ತರಿ ಹಿಡಿದವಳು, ಬಟ್ಟೆಯನ್ನು ತಿರುವಿಹಾಕುವುದು ಮರೆತು ಒಂದೇ ಮಗ್ಗುಲಲ್ಲಿ ಎರಡು ಸಲ ಕತ್ತರಿಸಿದ್ದಳು. ಹೊಲಿಗೆ ಕಲಿಯಲು ಬರುವ ಹುಡುಗಿಯರು ಮೊದಲನೆಯ ವಾರ ಮಾಡುವ ತಪ್ಪು. ಸುತ್ತ ಯಾರೂ ಇರಲಿಲ್ಲ, ಆದರೂ ಅವಳ ಕಿವಿ ಬಿಸಿಯಾಯಿತು. ಕೋಟು ಎರಡೂ ಕೈಗಳನ್ನು ಒಂದೇ ಕಡೆಗೆ ಚಾಚಿಕೊಂಡು, ಯಾರನ್ನೋ ತೋರಿಸುತ್ತಿರುವ ಹಾಗೆ ಇತ್ತು. ಯಾರನ್ನು ಅನ್ನುವುದು ಅವಳಿಗೆ ಗೊತ್ತಿತ್ತು.

ಹಿಂದಿನ ದಿನ ಡಾಕ್ಟರಮ್ಮ ಬಂದು ಹೋಗಿದ್ದಳು. ಇದೇ ಅಂಗಡಿಯಲ್ಲಿ, ಗಿರಾಕಿಗಳು ಕೂರುವ ಬೆಂಚಿನ ತುದಿಯಲ್ಲಿ ಕೂತು, ಕೈಯಲ್ಲಿದ್ದ ಕಾಗದಗಳನ್ನು ಮಡಿಸಿ ಬಿಚ್ಚಿ ಮಾಡುತ್ತ, ಒಬ್ಬರ ರಕ್ತದ ಲೆಕ್ಕ ಹೊಂದದೆ ಎರಡು ವರ್ಷದ ಕೆಲಸ ನಿಂತುಹೋಗಿದೆ ಅಂದಿದ್ದಳು. ಯಾರು ಅಂತ ಹೇಳಿರಲಿಲ್ಲ. ಹೇಳಬಾರದಂತೆ, ಅದು ಅವರ ಕೆಲಸದ ನೇಮ. ‘ನೀವು ಮಾತ್ರ ಬೇಜಾರು ಮಾಡ್ಕೋಬೇಡಿ ಅಕ್ಕ, ನಿಮ್ಮ ದಾರಗಳಿಂದ ತುಂಬಾ ಉಪಕಾರ ಆಯ್ತು’ ಅಂತ ಹೇಳಿ ಎದ್ದು ಹೋದಳು. ಆ ಮಾತು ರಾತ್ರಿಯೆಲ್ಲ ಅಕ್ಕನ ಬೆನ್ನಿಗೆ ಮುರಿದ ಸೂಜಿಯ ಹಾಗೆ ಚುಚ್ಚಿತ್ತು.

ಬಂದವರೆಲ್ಲ ಮೊದಲು ನೋಡುವುದು ಆ ದಾರಗಳನ್ನೇ. ಬಾಗಿಲಿನಿಂದ ಒಳಗೋಡೆಯವರೆಗೆ ಮೊಳೆಗಳ ಸಾಲು, ಒಂದೊಂದು ಮೊಳೆಗೂ ನಾಲ್ಕಾರು ದಾರ. ಅಕ್ಕ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಟ್ಟದ್ದು ಓದು ಹತ್ತದೆ ಅಲ್ಲ, ಬೆಂಚು ಹತ್ತಲಾಗದೆ. ಟೇಪಿನ ಮೇಲಿನ ಅಂಕಿ ಓದಲು ಬರುತ್ತಿತ್ತು, ಆದರೆ ಅಂಕಿ ಬರೆದಿಟ್ಟ ಪುಸ್ತಕ ಕಳೆದುಹೋಗುತ್ತದೆ, ಶಾಯಿ ಹರಡುತ್ತದೆ, ಒಂಬತ್ತು ಏಳಿನ ಹಾಗೆ ಕಾಣುತ್ತದೆ. ದಾರದ ಗಂಟು ಮಾತ್ರ ಕುರುಡನ ಬೆರಳಿಗೂ ತಪ್ಪುವುದಿಲ್ಲ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ದಾರ. ಒಂದು ತುದಿ ಅಂಗಾಲು, ಆಮೇಲೆ ಮಂಡಿ, ಸೊಂಟ, ತೋಳು, ಭುಜ, ಎಲ್ಲಕ್ಕೂ ಮೇಲೆ ನೆತ್ತಿಯ ಗಂಟು. ಸತ್ತವರ ದಾರವನ್ನೂ ಅವಳು ಬಿಸಾಡಿದವಳಲ್ಲ. ಬಿಸಾಡಲು ಕೈ ಬರಲಿಲ್ಲ, ಅಷ್ಟೆ. ಅಜ್ಜನ ದಾರ, ಅಪ್ಪನದು, ಸೋದರತ್ತೆಯದು, ಇನ್ನೂ ಇರುವವರಲ್ಲಿ ಚಿಕ್ಕಪ್ಪನ ಮೂವರು ಮಕ್ಕಳದು ಎಲ್ಲ ಒಂದೇ ಮೊಳೆಗೆ, ಎಲ್ಲ ಗಿಡ್ಡ ದಾರಗಳು. ಬೀದಿಯವರು ಅವಳನ್ನು ದಾರದಕ್ಕ ಅನ್ನುತ್ತಿದ್ದರು. ಕುಳ್ಳಿ ಅನ್ನುವುದಕ್ಕಿಂತ ಇದು ಎಷ್ಟೋ ವಾಸಿ ಅಂತ ಅವಳೂ ಒಪ್ಪಿಕೊಂಡಿದ್ದಳು.

ಎರಡು ವರ್ಷದ ಹಿಂದೆ ಡಾಕ್ಟರಮ್ಮ ಮೊದಲ ಸಲ ಬಂದಾಗ, ಈ ಮನೆತನದಲ್ಲಿ ಗಿಡ್ಡತನ ಎಲ್ಲಿಂದ ಬಂತು, ಯಾವ ಜೀನ್‌ನಲ್ಲಿದೆ ಅಂತ ಹುಡುಕಬೇಕು, ಎಲ್ಲರ ರಕ್ತ ಬೇಕು, ಯಾರಿಗೆ ಯಾರು ಏನಾಗಬೇಕು ಅಂತ ಬರೆದುಕೊಳ್ಳಬೇಕು ಅಂದಳು. ಅಕ್ಕ ನಕ್ಕು, ಹುಡುಕೋಕೆ ಏನಿದೆ, ನಾವು ಕಣ್ಣಿಗೆ ಕಾಣಲ್ವಾ ಅಂದಿದ್ದಳು. ಆಮೇಲೆ ಆ ಹುಡುಗಿ ಬೆಂಚಿನಿಂದ ಇಳಿದು ನೆಲದ ಮೇಲೆ ಕೂತಳು. ಅಕ್ಕನ ಕಣ್ಣಿಗೆ ಸಮನಾಗಿ ಕೂತದ್ದು. ಡಾಕ್ಟರುಗಳು ಹಾಗೆ ಕೂರುವುದನ್ನು ಅಕ್ಕ ಅರವತ್ತಾರು ವರ್ಷದಲ್ಲಿ ನೋಡಿರಲಿಲ್ಲ. ಚಿಕ್ಕವಳಿದ್ದಾಗ ಒಬ್ಬ ದೊಡ್ಡ ಡಾಕ್ಟರು ಅವಳನ್ನು ಮೇಜಿನ ಮೇಲೆ ನಿಲ್ಲಿಸಿ ಹತ್ತು ಜನ ಹುಡುಗರಿಗೆ ಕೋಲಿನಿಂದ ಮಂಡಿ ತೋರಿಸಿದ್ದ, ಒಂದು ಸಲವೂ ಅವಳ ಮುಖ ನೋಡಿರಲಿಲ್ಲ. ಈ ಹುಡುಗಿ ಗೋಡೆಯ ಕಡೆ ಕೈ ತೋರಿಸಿ, ನಿಮ್ಮ ದಾರಗಳ ಹಾಗೇ ಒಬ್ಬೊಬ್ಬರ ಮೈಯೊಳಗೂ ದಾರಗಳಿವೆ, ಇಪ್ಪತ್ತಮೂರು ಜೊತೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ ಅಂದಳು. ಎಲ್ಲೋ ಒಂದು ದಾರದಲ್ಲಿ ಒಂದು ಸಣ್ಣ ಗಂಟು ಬಿದ್ದಿದೆ. ಗಿಡ್ಡವರೆಲ್ಲರಲ್ಲೂ ಇರುವ, ಉದ್ದದವರು ಒಬ್ಬರಲ್ಲೂ ಇಲ್ಲದ ತುಂಡು ಯಾವುದು ಅಂತ ಹುಡುಕಿದರೆ, ಗಂಟು ಆ ತುಂಡಿನಲ್ಲೇ ಇರಬೇಕು. ಅಕ್ಕನಿಗೆ ಒಂದೇ ಏಟಿಗೆ ಅರ್ಥವಾಯಿತು. ಇಷ್ಟು ಜನರ ರಕ್ತ ಯಾಕೆ ಬೇಕು ಅಂತ ಕೇಳಿ ಜಗಳ ಮಾಡಿದ ಚಿಕ್ಕಪ್ಪನ ಮಕ್ಕಳಿಗೆ ಅವಳೇ ಕೂರಿಸಿ ವಿವರಿಸಿದಳು. ಒಂದು ಭಾನುವಾರ ಅಂಗಡಿಯಲ್ಲೇ ಎಲ್ಲರೂ ಸೇರಿದರು, ಹದಿಮೂರು ಜನ ಗಿಡ್ಡವರು, ಇಪ್ಪತ್ತು ಜನ ಉದ್ದದವರು. ಡಾಕ್ಟರಮ್ಮ ಸೂಜಿ ತೆಗೆದಾಗ ಅಕ್ಕ, ನಿಂದೂ ನಂದೂ ಒಂದೇ ಕಸುಬು, ನೋವಾಗದ ಹಾಗೆ ಹಾಕು ನೋಡೋಣ ಅಂದಳು. ಎಲ್ಲರೂ ನಕ್ಕರು.

ತಂಗಿಯೂ ಬಂದಿದ್ದಳು, ಮಗನನ್ನು ಬಿಟ್ಟು ಒಬ್ಬಳೇ, ಉದ್ದನೆಯ ಅಂಗಿ, ಎತ್ತರದ ಬೂಟು. ಉದ್ದದವರ ಸಾಲಿನಲ್ಲಿ ನಿಂತಿದ್ದಳು. ಅಳತೆಗೆ ಬೂಟು ತೆಗೀಬೇಕು ಅಂತ ಡಾಕ್ಟರಮ್ಮ ಹೇಳಿದಾಗ, ಕಾಲು ನೋವು, ಬಿಚ್ಚಿದರೆ ಮತ್ತೆ ಹಾಕೋದು ಕಷ್ಟ ಅಂದಳು. ಆಗಲಿ ಬಿಡಿ, ಇನ್ನೊಂದು ದಿನ ಮನೆಗೇ ಬಂದು ಅಳೀತೀನಿ ಅಂತ ಡಾಕ್ಟರಮ್ಮ ಅನ್ನುವಷ್ಟರಲ್ಲಿ, ಅಕ್ಕ, ಯಾರೂ ಕೇಳದೆ, ತಾನೇ ಸ್ಟೂಲು ಹತ್ತಿ ನಾಲ್ಕನೆಯ ಮೊಳೆಯಿಂದ ತಂಗಿಯ ದಾರ ತೆಗೆದು ಕೊಟ್ಟಳು. ‘ಅವಳ ಅಳತೆ ಇದರಲ್ಲಿದೆ. ನನ್ನ ದಾರ ಸುಳ್ಳು ಹೇಳಲ್ಲ.’ ಅಲ್ಲಿಯವರೆಗೆ ಸತ್ತವರ ದಾರಗಳನ್ನೆಲ್ಲ ನಂಬಿದ್ದ ಆ ಹುಡುಗಿ ಇದನ್ನೂ ನಂಬಿದಳು. ನೆತ್ತಿಯ ಗಂಟಿನವರೆಗೆ ಟೇಪು ಹಿಡಿದು ಬರೆದುಕೊಂಡಳು. ತಂಗಿ ಅಕ್ಕನ ಕಡೆ ನೋಡಲಿಲ್ಲ. ಅಕ್ಕನೂ ನೋಡಲಿಲ್ಲ. ಇಬ್ಬರೂ ಕಿಟಕಿಯ ಹೊರಗೆ, ಬೀದಿಯಲ್ಲಿ ಏನೂ ನಡೆಯುತ್ತಿರದ ಕಡೆ ನೋಡಿದರು.

ಒಂದೇ ಗಂಟಿನಿಂದ ಎರಡು ಸಲ ಸುಳ್ಳು ಹೇಳಿಸಿದವಳು ತಾನು ಅಂತ ಈಗ ಮೇಷ್ಟ್ರ ಕೋಟಿನ ತೋಳು ಬಿಚ್ಚುತ್ತ ಅಕ್ಕ ಅಂದುಕೊಂಡಳು. ಮೊದಲ ಸಲ ನಲವತ್ತೊಂದು ವರ್ಷದ ಹಿಂದೆ. ತಂಗಿಗೆ ಹತ್ತೊಂಬತ್ತು. ಮನೆಯ ಗಿಡ್ಡತನ ಅವಳ ಮೇಲೆ ಅರ್ಧ ಕೈಯಿಟ್ಟು ಬಿಟ್ಟಿತ್ತು. ಅಕ್ಕನಿಗೆ ಮೂರೂ ಮುಕ್ಕಾಲು ಅಡಿ, ತಂಗಿಗೆ ನಾಲ್ಕೂವರೆ. ತೋಳು ಸ್ವಲ್ಪ ಗಿಡ್ಡ, ಬೆರಳು ಸ್ವಲ್ಪ ಮೋಟು, ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಷ್ಟು. ಗೊತ್ತಾಗದ ಹಾಗೆ ಮಾಡುವುದು ಅಕ್ಕನ ಕೈಯಲ್ಲಿತ್ತು. ಸೊಂಟದ ಹೊಲಿಗೆಯನ್ನು ಎರಡು ಬೆರಳು ಮೇಲಕ್ಕೆ ಏರಿಸಿದಳು, ಅಂಗಿಗೆ ಮೇಲಿನಿಂದ ಕೆಳಗೆ ಉದ್ದನೆಯ ನೆರಿಗೆ ಇಟ್ಟಳು, ತೋಳಿನ ತುದಿಯನ್ನು ಮಣಿಕಟ್ಟು ದಾಟಿಸಿದಳು. ಬೂಟಿನವನಿಗೆ ಹೇಳಿ ಒಳಗೆ ಬೆಂಡು ಕೂರಿಸಿ ನಾಲ್ಕು ಬೆರಳು ಎತ್ತರ ಮಾಡಿಸಿದಳು. ಗಡಿಯಾರದವನ ಕಡೆಯಿಂದ ಕೇಳಿಕೊಂಡು ಬಂದಾಗ ಅವನ ತಾಯಿ ಹುಡುಗಿಯನ್ನು ನೋಡಿ ಒಪ್ಪಿದಳು, ಮದುವೆಯ ಉಡುಪು ಮಾತ್ರ ತಾನೇ ಹೊಲಿಸುತ್ತೇನೆ, ಅಳತೆಯ ದಾರ ಕೊಡಿ ಅಂದಳು. ಬೂಟು ಹಾಕಿದ ಹುಡುಗಿಗೂ ದಾರದಲ್ಲಿದ್ದ ಹುಡುಗಿಗೂ ನಾಲ್ಕು ಬೆರಳು ವ್ಯತ್ಯಾಸ. ಅಕ್ಕ ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಹಲ್ಲಿನಿಂದ ಕಚ್ಚಿ ನೆತ್ತಿಯ ಗಂಟು ಬಿಚ್ಚಿ, ನಾಲ್ಕು ಬೆರಳು ಮೇಲೆ ಹೊಸ ಗಂಟು ಹಾಕಿದಳು. ತಂಗಿ ಅಲ್ಲೇ ನಿಂತಿದ್ದಳು. ಮನೆಯೊಳಗೆ ಏನು ಮಾಡ್ತೀಯ, ಬೂಟು ಬಿಚ್ಚಿದಾಗ ಅಂತ ಅಕ್ಕ ಕೇಳಿದರೆ, ‘ದಪ್ಪ ಅಟ್ಟೆಯ ಚಪ್ಪಲಿ ಹಾಕ್ಕೋತೀನಿ. ಮಲಗಿದವರ ಎತ್ತರ ಯಾರು ನೋಡ್ತಾರೆ’ ಅಂದಳು. ಇಬ್ಬರೂ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಿದ್ದರು.

ಆ ನಗು ಅಕ್ಕನಿಗೆ ಇವತ್ತಿಗೂ ಕೇಳಿಸುತ್ತದೆ. ಪ್ರೀತಿಯಿಂದ ಮಾಡಿದೆ ಅಂತ ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿದ್ದಳು. ಸುಳ್ಳೇನಲ್ಲ. ಆದರೆ ಪ್ರೀತಿಯ ಒಳಮಗ್ಗುಲಿಗೆ ಇನ್ನೊಂದು ಬಟ್ಟೆ ಹೊಲಿದಿತ್ತು. ಈ ಮನೆಯಿಂದ ಒಬ್ಬಳಾದರೂ ಬೀದಿಯಲ್ಲಿ ಯಾರೂ ತಿರುಗಿ ನೋಡದ ಹಾಗೆ ನಡೆದು ಹೋಗಲಿ ಅನ್ನುವ ಹಠ. ಆ ನಾಲ್ಕು ಬೆರಳು ಮುಚ್ಚಿಡುವ ವಸ್ತುವಾದರೆ, ಮೂರೂ ಮುಕ್ಕಾಲು ಅಡಿಯ ತಾನು ಏನು? ಪೂರ್ತಿ ಮುಚ್ಚಿಡಬೇಕಾದವಳೇ? ಗಂಟು ಬಿಚ್ಚಿದ ಆ ಮಧ್ಯಾಹ್ನ ತನ್ನ ಮೈಯನ್ನೇ ತಾನು ಅಲ್ಲಗಳೆದೆ ಅನ್ನುವುದು ಹೊಳೆಯಲು ಅಕ್ಕನಿಗೆ ಇಷ್ಟು ವರ್ಷ ಬೇಕಾಯಿತು. ಹೊಳೆದದ್ದು ಅವಳ ಬುದ್ಧಿಯಿಂದಲ್ಲ, ಒಂದು ಮಗುವಿನಿಂದ.

ತಂಗಿಯ ಮೊಮ್ಮಗಳಿಗೆ ನಾಲ್ಕು ವರ್ಷ. ಎರಡು ವರ್ಷದ ಮಗುವಿನಷ್ಟು ಎತ್ತರ. ತಂಗಿಯ ಮಗನೂ ಗಿಡ್ಡನೇ, ಆದರೆ ಅವನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಬೆಳವಣಿಗೆ ನಿಂತಿತು ಅಂತ ತಂಗಿ ಎಲ್ಲರಿಗೂ ಹೇಳಿ ಹೇಳಿ, ಮಗನೂ ನಂಬಿದ್ದ. ಜ್ವರ ಮಗಳಿಗೆ ಹೇಗೆ ಇಳಿಯಿತು ಅಂತ ಯಾರೂ ಕೇಳಲಿಲ್ಲ. ಅಕ್ಕನ ಮನೆತನದ ಗಿಡ್ಡತನ ತಮ್ಮ ಕವಲಿಗೆ ಬಂದಿಲ್ಲ ಅಂತಲೇ ಆಸ್ಪತ್ರೆಯಲ್ಲಿ ಬರೆಸಿದ್ದರು. ಅಲ್ಲಿಯವರು ಇದು ಬೇರೆ ಏನೋ ಇರಬೇಕು ಅಂತ ಎತ್ತರ ಬೆಳೆಸುವ ಸೂಜಿ ಶುರು ಮಾಡಿದ್ದರು. ದಿನಾ ಸಂಜೆ ಒಂದು, ತೊಡೆಗೆ. ಎಂಟು ತಿಂಗಳಾಯಿತು. ಹೋದ ವಾರ ಫೋನಿನಲ್ಲಿ ತಂಗಿ, ಸಂಜೆ ಆದರೆ ಮಗು ಮಂಚದ ಕೆಳಗೆ ಹೋಗಿ ಕೂರುತ್ತೆ ಅಕ್ಕ, ನಮ್ಮಲ್ಲಿ ಯಾರಿಗೂ ಅಷ್ಟು ಬಗ್ಗೋಕಾಗಲ್ಲ ಅಂತ ಅದಕ್ಕೆ ಗೊತ್ತು ಅಂದಳು. ಆಮೇಲೆ ಫೋನು ಇಟ್ಟರು. ಈ ಮನೆತನದ ಗಿಡ್ಡತನಕ್ಕೆ ಆ ಸೂಜಿ ನಾಟುವುದಿಲ್ಲ ಅಂತ ಡಾಕ್ಟರಮ್ಮ ಮೊದಲ ವರ್ಷವೇ ಹೇಳಿದ್ದು ಅಕ್ಕನಿಗೆ ನೆನಪಿತ್ತು. ತಂಗಿಗೂ ನೆನಪಿರಬೇಕು.

ಮೂರನೆಯ ಮೊಳೆಗೆ ಬಿಸಿಲು ಬರುವ ಮುಂಚೆ ಅಕ್ಕ ಕತ್ತರಿ ಕೆಳಗಿಟ್ಟಳು. ಅಷ್ಟರಲ್ಲಿ ಮೇಷ್ಟ್ರು ಕೋಟು ಕೇಳಿಕೊಂಡು ಬಂದರು. ತೋಳು ನೋಡಿ ಕನ್ನಡಕ ಸರಿಮಾಡಿಕೊಂಡು, ‘ಇದರಲ್ಲಿ ಬೋರ್ಡಿನ ಮೇಲೆ ಬರೆಯೋದು ಹೇಗೆ ದಾರದಕ್ಕ, ಮಕ್ಕಳ ಕಡೆ ಬೆನ್ನು ಹಾಕದೆ ಬರೀಬಹುದೇನೋ’ ಅಂದರು. ನಾಡಿದ್ದು ಬನ್ನಿ ಅಂತ ಹೇಳಿ ಅಕ್ಕ ತಂಗಿಯ ದಾರ ಸುತ್ತಿ ಜೇಬಿಗೆ ಹಾಕಿಕೊಂಡಳು, ಬಾಗಿಲು ಎಳೆದುಕೊಂಡಳು.

ಬಸ್ಸಿಗೆ ಅವಳದೇ ಒಂದು ಏರ್ಪಾಡಿತ್ತು. ಬಡಗಿ ಮಾಡಿಕೊಟ್ಟ ಗೇಣುದ್ದದ ಮಣೆ, ಅದಕ್ಕೊಂದು ಹಗ್ಗ. ಮಣೆ ನೆಲಕ್ಕಿಟ್ಟು ಅದರ ಮೇಲೆ ಹತ್ತಿ, ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟು, ಆಮೇಲೆ ಹಗ್ಗ ಎಳೆದರೆ ಮಣೆ ಹಿಂದೆ ಬರುತ್ತಿತ್ತು, ಸಾಕಿದ ನಾಯಿಯ ಹಾಗೆ. ಕಂಡಕ್ಟರು ಸಿಂಹಾಸನ ಒಳಗೆ ಬಂತಾ ಅಂತ ಕೇಳಿದ. ಬಂತು, ರಾಣಿಗೆ ಕಿಟಕಿ ಬದಿ ಕೊಡು ಅಂದಳು. ಬಾಯಿ ಹೀಗೆ ಆಡುತ್ತಿತ್ತು, ಕೈ ಜೇಬಿನಲ್ಲಿದ್ದ ದಾರವನ್ನೇ ತಡವುತ್ತಿತ್ತು. ನಾಲ್ಕೂವರೆ ಅಡಿಯ ಹೆಂಗಸಿನ ಬಾಳನ್ನು ಹಾಳುಮಾಡಲು ಹೊರಟಿದ್ದೇನೆ, ಅದೂ ನಾನೇ ಹೊಲಿದುಕೊಟ್ಟ ಬಾಳನ್ನು ಅಂತ ಅನ್ನಿಸಿತು. ಎದುರು ಸೀಟಿನ ಮಗುವೊಂದು ಅವಳನ್ನು ಕಣ್ಣು ಪಿಳುಕಿಸದೆ ನೋಡುತ್ತಿತ್ತು. ತಾಯಿ ಮಗುವಿನ ಮುಖ ಆಚೆ ತಿರುಗಿಸಿದಳು. ಮಗು ಮತ್ತೆ ತಿರುಗಿತು. ಅಕ್ಕನಿಗೆ ಯಾವತ್ತೂ ಬೇಸರ ತರುತ್ತಿದ್ದದ್ದು ಮಗುವಿನ ನೋಟವಲ್ಲ, ತಾಯಿಯ ಕೈ. ಇವತ್ತು ಆ ಕೈ ತನ್ನದೇ ಕೈಯ ಹಾಗೆ ಕಂಡಿತು.

ತಂಗಿಯ ಮನೆಯಲ್ಲಿ ಮುಂದೆ ಗಡಿಯಾರದ ಅಂಗಡಿ, ಹಿಂದೆ ಸಂಸಾರ. ನಲವತ್ತೊಂದು ವರ್ಷದಲ್ಲಿ ಅಕ್ಕ ಬಂದದ್ದು ಹತ್ತೋ ಹನ್ನೆರಡೋ ಸಲ. ಬಂದಾಗಲೆಲ್ಲ ನೆಂಟರ ಹಾಗೆ ಹೊರಕೋಣೆಯಲ್ಲಿ ಕೂತು, ಕೊಟ್ಟದ್ದು ತಿಂದು, ಬೇಗ ಎದ್ದು ಹೋಗಿಬಿಡುತ್ತಿದ್ದಳು. ತಾನು ಹೆಚ್ಚು ಹೊತ್ತು ತಂಗಿಯ ಪಕ್ಕದಲ್ಲಿ ಕೂತರೆ ಯಾರಾದರೂ ಇಬ್ಬರ ಬೆರಳನ್ನೂ ಹೋಲಿಸಿ ನೋಡಿಯಾರು ಅನ್ನುವ ಹೆದರಿಕೆ. ಇವತ್ತು ಸೀದಾ ಅಡುಗೆಮನೆಗೆ ಹೋದಳು. ತಂಗಿ ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ವಿಷಯವನ್ನು ಸುತ್ತಿ ಬಳಸಿ ಹೇಳಲಿಲ್ಲ. ಡಾಕ್ಟರಮ್ಮನ ಕೆಲಸ ನಿಂತದ್ದು ನಿನ್ನಿಂದ, ಅಂದರೆ ನನ್ನಿಂದ, ಮಗುವಿಗೆ ದಿನಾ ಸೂಜಿ ಬೀಳುವುದೂ ಅದರಿಂದಲೇ, ಗಂಟು ಬಿಚ್ಚೋಣ ಅಂದಳು.

ತಂಗಿ ಪಾತ್ರೆ ಕೆಳಗಿಟ್ಟಳು. ಮಗುವಿನ ವಿಷಯ ತನಗೆ ಗೊತ್ತಿಲ್ಲವೆ, ಎಂಟು ತಿಂಗಳಿಂದ ತಾನು ಸಂಜೆ ಮುಖಕ್ಕೆ ನೀರು ಹಾಕಿಕೊಳ್ಳುವುದು ಯಾಕೆ ಅಂದುಕೊಂಡೆ, ಕಣ್ಣೀರು ಕಾಣದಿರಲಿ ಅಂತ ಅಂದಳು. ಆದರೆ ಏನಂತ ಹೇಳುವುದು, ಯಾವ ಬಾಯಲ್ಲಿ? ‘ಅವರ ಅಮ್ಮ ಸಾಯುವಾಗ ನನ್ನ ಕೈ ಹಿಡ್ಕೊಂಡು, ಈ ಮನೆಗೆ ಸುಳ್ಳು ಹೇಳದ ಸೊಸೆ ಬಂದಳು ಅಂದರು ಅಕ್ಕ. ಆ ಮಾತು ನನ್ನ ಗಂಟಲಲ್ಲಿ ಹಾಗೇ ಕೂತಿದೆ. ಅವರು ಒಂದು ನಿಮಿಷ ಹಿಂದೆ ಹೋಗೋ ಗಡಿಯಾರವನ್ನೂ ಅಂಗಡಿಯಲ್ಲಿ ಇಟ್ಕೊಳ್ಳಲ್ಲ. ನಾನು ನಲವತ್ತೊಂದು ವರ್ಷದಿಂದ ನಾಲ್ಕು ಬೆರಳು ಸುಳ್ಳು ನಿಂತಿದೀನಿ.’ ಹೀಗೆ ಹೇಳಿ ಕಣ್ಣೊರೆಸಿಕೊಂಡು, ಅಕ್ಕನಿಗೆ ಕೈ ತೊಳೆದುಕೋ, ಊಟ ಮಾಡು ಅಂದಳು.

ಅಕ್ಕ ಅಭ್ಯಾಸ ಬಲದಿಂದ ತೊಟ್ಟಿಯ ಮುಂದೆ ಮಣೆ ಹಾಕಿ ಹತ್ತಿದಳು. ಹತ್ತಿದರೆ ನಲ್ಲಿ ಸೊಂಟದ ಹತ್ತಿರ ಬಂತು. ಅವಳು ಇಳಿದಳು. ಮಣೆಯಿಲ್ಲದೆ ನಿಂತಳು. ಕೈ ಚಾಚಿದರೆ ನಲ್ಲಿ ಸಿಕ್ಕಿತು. ಹೊಲಿಗೆಯವಳ ಕಣ್ಣು, ತಾನಾಗಿಯೇ ಅಳೆಯತೊಡಗಿತು. ಪಾತ್ರೆಯ ಹಲಗೆ, ಟವಲಿನ ಗೂಟ, ದೀಪದ ಸ್ವಿಚ್ಚು, ಬಾಗಿಲಿನ ಚಿಲಕ, ಕನ್ನಡಿ. ಎಲ್ಲವೂ ಕೆಳಗೆ. ಸುಮ್ಮನೆ ಕೆಳಗಲ್ಲ, ಚಪ್ಪಲಿ ಹಾಕದ ನಾಲ್ಕೂವರೆ ಅಡಿಯ ಹೆಂಗಸಿನ, ಗಿಡ್ಡ ತೋಳಿನ ಹೆಂಗಸಿನ ಕೈಗೆ ನೇರ ಸಿಗುವ ಹಾಗೆ, ಅಳೆದು ಹೊಲಿಸಿದ ಅಂಗಿಯಂತೆ ಆ ಅಡುಗೆಮನೆ ತಂಗಿಗೆ ಕೂತಿತ್ತು. ಇದನ್ನೆಲ್ಲ ಇಷ್ಟು ಕೆಳಗೆ ಯಾರು ಮಾಡಿಸಿದ್ದು ಅಂತ ಕೇಳಿದಳು. ಅವರೇ, ಮದುವೆಗೆ ಮುಂಚೆ ಅಂದಳು ತಂಗಿ. ‘ಅವರ ಬಲಭುಜ ನೋವು. ಕೈ ಎತ್ತೋಕಾಗಲ್ಲ, ಪಾಪ. ದಿನಾ ಮಲಗೋ ಮುಂಚೆ ನಾನು ಎಣ್ಣೆ ಹಚ್ಚಿ ತಿಕ್ತೀನಿ. ನನಗೆ ಅದೂ ಒಂದು ಅನುಕೂಲವೇ ಆಯ್ತು ಅನ್ನು.’

ಅಡುಗೆಮನೆಯ ಬಾಗಿಲಿನಿಂದ ಅಂಗಡಿ ಕಾಣುತ್ತಿತ್ತು, ತಂಗಿ ಅತ್ತ ಬೆನ್ನು ಹಾಕಿದ್ದಳು. ಯಾರೋ ಗಿರಾಕಿ ಗೋಡೆ ಗಡಿಯಾರ ತಗೊಂಡು ಹೋಗಲು ಬಂದಿದ್ದ. ತಂಗಿಯ ಗಂಡ, ಅರವತ್ತೈದರ ತೆಳ್ಳನೆಯ ಮನುಷ್ಯ, ತುದಿಗಾಲಿನ ಮೇಲೆ ನಿಂತು, ಬಲಗೈಯನ್ನು ಪೂರ್ತಿ ಮೇಲಕ್ಕೆ ಚಾಚಿ, ಛಾವಣಿಯ ಹತ್ತಿರದ ಮೊಳೆಯಿಂದ ಒಂದು ಭಾರವಾದ ಗಡಿಯಾರ ಇಳಿಸಿದ. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಆ ಜಾಗಕ್ಕೆ ಇನ್ನೊಂದನ್ನು ಏರಿಸಿದ. ಏರಿಸುತ್ತ ಶಿಳ್ಳೆ ಹಾಕುತ್ತಿದ್ದ.

ಅಕ್ಕ ಗಿರಾಕಿ ಹೋಗುವವರೆಗೆ ಕಾದಳು. ಆಮೇಲೆ ಅಂಗಡಿಗೆ ಹೋಗಿ ಅವನ ಮೇಜಿನ ಮುಂದೆ ನಿಂತು, ಜೇಬಿನಿಂದ ದಾರ ತೆಗೆದು ಇಟ್ಟಳು. ಅವನು ಅದನ್ನು ನೋಡಿದ. ಯಾವುದೋ ಹಳೇ ಸ್ನೇಹಿತನನ್ನು ನೋಡಿದ ಹಾಗೆ ಮುಖ ಅರಳಿತು. ಮೇಜಿನ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ದಾರ ಎತ್ತಿ, ನೆತ್ತಿಯ ಗಂಟಿನಿಂದ ಕೆಳಕ್ಕೆ ಬೆರಳು ಜಾರಿಸುತ್ತ ಬಂದು ನಾಲ್ಕು ಬೆರಳು ಕೆಳಗೆ ನಿಲ್ಲಿಸಿದ.

‘ಇನ್ನೂ ಇದೆ ನೋಡಿ ಅಕ್ಕ.’

‘ಏನಿದೆ?’

‘ಸುಕ್ಕು. ವರ್ಷಗಟ್ಟಲೆ ಗಂಟು ಕೂತಿದ್ದ ಜಾಗ. ಬಿಚ್ಚಿದ್ರೂ ದಾರಕ್ಕೆ ನೆನಪಿರುತ್ತೆ. ಇಲ್ಲಿ ಎಳೆ ಬಿಳಿ, ಅಕ್ಕಪಕ್ಕ ಮಾಸಲು. ಉಡುಪಿನ ಅಳತೆ ಬರ್ಕೋ ಅಂತ ಅಮ್ಮ ಇದನ್ನ ನನ್ನ ಕೈಗೆ ಕೊಟ್ಟಿದ್ದಳು. ನನ್ನ ಕಸುಬೇ ಇದು, ಯಾರು ಎಲ್ಲಿ ಬಿಚ್ಚಿದ್ದಾರೆ ಅಂತ ನೋಡೋದು.’

ಅವನು ಎದ್ದು ಬಂದು, ಅಕ್ಕ ಕೂರಲೆಂದು ಅವಳದೇ ಮಣೆ ತಂದು ಹಾಕಿದ. ಹೊಸ ಗಂಟಿನವರೆಗೆ ಅಳೆದು ಅಮ್ಮನಿಗೆ ಉಡುಪಿನ ಅಳತೆ ಕೊಟ್ಟೆ, ಹಳೇ ಗಂಟಿನವರೆಗೆ ಅಳೆದು ಬಡಗಿಗೆ ಅಡುಗೆಮನೆಯ ಅಳತೆ ಕೊಟ್ಟೆ, ಅಮ್ಮ ಯಾಕೋ ಇಷ್ಟು ಕೆಳಗೆ ಅಂದಾಗ ಭುಜ ನೋವು ಅಂದೆ ಅಂತ ಅವನು ಹೇಳಿದ. ಹೇಳುವಾಗ ಅವನ ದನಿಯಲ್ಲಿ ಹೆಚ್ಚುಗಾರಿಕೆ ಇರಲಿಲ್ಲ, ಸ್ವಲ್ಪ ನಾಚಿಕೆಯಿತ್ತು. ಯಾಕೆ ಇಷ್ಟು ವರ್ಷ ಸುಮ್ಮನಿದ್ದಿರಿ ಅಂತ ಅಕ್ಕ ಕೇಳಿದಳು.

‘ಅವಳೇ ಹೇಳಲಿ ಅಂತ ಕಾದೆ. ನಾನಾಗಿ ಹೇಳಿದರೆ ಹಿಡಿದುಹಾಕಿದ ಹಾಗಾಗುತ್ತೆ. ಒಂದು ವರ್ಷ ಕಾದೆ, ಎರಡು ವರ್ಷ ಕಾದೆ. ಆಮೇಲೆ ಕಾಯೋದೇ ಒಂದು ಸಂಸಾರ ಆಗಿಹೋಯ್ತು.’

ಹಿಂದೆ ಏನೋ ಸದ್ದಾಯಿತು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳ ಮುಖದಲ್ಲಿ ಮೊದಲು ರಕ್ತವೇ ಇರಲಿಲ್ಲ. ಆಮೇಲೆ ಒಮ್ಮೆಗೇ ಎಲ್ಲ ರಕ್ತವೂ ಬಂತು. ತಂಗಿ ಬಗ್ಗಿ ದಪ್ಪ ಅಟ್ಟೆಯ ಚಪ್ಪಲಿ ಒಂದೊಂದಾಗಿ ಬಿಚ್ಚಿ ಗೋಡೆಗೆ ಒರಗಿಸಿಟ್ಟಳು. ಬರಿಗಾಲಲ್ಲಿ ಅಂಗಡಿಯ ನೆಲಕ್ಕೆ ಇಳಿದಳು.

‘ನಲವತ್ತೊಂದು ವರ್ಷ’ ಅಂದಳು ಗಂಡನಿಗೆ. ‘ನನ್ನ ಬೆನ್ನು ಮುರಿದುಹೋಯ್ತು ಈ ಚಪ್ಪಲಿಯಲ್ಲಿ. ಒಂದು ಮಾತು ಹೇಳಬಾರದಿತ್ತಾ ನೀವು?’

‘ನಲವತ್ತೊಂದು ವರ್ಷ’ ಅಂದ ಅವನು, ‘ಗಟ್ಟಿಮುಟ್ಟಾದ ಭುಜಕ್ಕೆ ದಿನಾ ಎಣ್ಣೆ ತಿಕ್ಕಿಸ್ಕೊಂಡೆ. ಹೇಳಿದ್ರೆ ಅದು ನಿಂತುಹೋಗ್ತಿತ್ತು.’

ತಂಗಿ ಆ ಒದ್ದೆ ಬಟ್ಟೆಯನ್ನು ಅವನ ಮೇಲೆ ಎಸೆದಳು. ಅದು ಹೋಗಿ ಆಗತಾನೆ ಏರಿಸಿದ ಗಡಿಯಾರಕ್ಕೆ ಬಿತ್ತು, ಗಡಿಯಾರ ಗಾಬರಿಯಾಗಿ ಹೊತ್ತಲ್ಲದ ಹೊತ್ತಿನಲ್ಲಿ ಹನ್ನೆರಡು ಬಾರಿಸಲು ಶುರುಮಾಡಿತು. ಒಂಬತ್ತನೆಯದೋ ಹತ್ತನೆಯದೋ ಏಟಿಗೆ ತಂಗಿಯ ಭುಜ ಕುಲುಕತೊಡಗಿತು. ಅಳು ಅಂತ ಅಕ್ಕ ಹೆದರಿದಳು. ಅಳುವೂ ಇತ್ತು. ಆದರೆ ಬಾಯಿಗೆ ಬಟ್ಟೆ ಅಡ್ಡ ಹಿಡಿಯದೆ ತಂಗಿ ನಗುವುದನ್ನು ಅಕ್ಕ ಹತ್ತೊಂಬತ್ತರ ಪ್ರಾಯದ ಆಚೆ ನೋಡಿರಲಿಲ್ಲ. ಈಗ ನೋಡಿದಳು.

ಅಂಗಡಿಯ ಫೋನಿನಿಂದಲೇ ಮೊದಲು ಮಗನಿಗೆ, ಆಮೇಲೆ ಡಾಕ್ಟರಮ್ಮನಿಗೆ ತಂಗಿಯೇ ಹೇಳಿದಳು. ಮಗ, ಹಾಗಾದರೆ ನನಗೆ ಜ್ವರ ಬಂದೇ ಇರಲಿಲ್ಲವಾ ಅಂತ ಕೇಳಿದನಂತೆ. ಬಂದಿತ್ತಪ್ಪ, ಎರಡು ದಿನ, ನಿನ್ನ ಎತ್ತರಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ ಅಷ್ಟೆ ಅಂದಳು. ಮಾರನೆಯ ದಿನ ಡಾಕ್ಟರಮ್ಮ ಬಂದು ತಂಗಿಯನ್ನು ಬಾಗಿಲಿನ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲಿಸಿ ಅಳೆದಳು. ಆ ರಾತ್ರಿ ಅಲ್ಲೇ ಉಳಿದಿದ್ದ ಅಕ್ಕ ತಲೆ ತಗ್ಗಿಸಿ, ನಿನ್ನ ಎರಡು ವರ್ಷ ಹಾಳುಮಾಡಿದೆ ತಾಯಿ ಅಂದಳು. ಆ ಹುಡುಗಿ ಬೈಯಲಿಲ್ಲ. ಬರಿಗಾಲಲ್ಲಿ ಅಳೆಯದೆ ದಾರದ ಮೇಲೆ ಬರೆದುಕೊಂಡದ್ದು ನನ್ನ ತಪ್ಪು, ದೊಡ್ಡವರ ಮುಂದೆ ಹಠ ಮಾಡಬಾರದು ಅಂತ ಸುಮ್ಮನಾದೆ ಅಂದಳು. ಆಮೇಲೆ ಬಹಳ ಹೊತ್ತು ಆ ದಾರದ ಸುಕ್ಕನ್ನು ಭೂತಗನ್ನಡಿಯಲ್ಲಿ ನೋಡುತ್ತ ಕೂತಳು. ನಮ್ಮ ಯಂತ್ರಗಳೂ ಇದನ್ನೇ ಹುಡುಕೋದು ಅಂದಳು.

ಬೇಸಿಗೆ ಏರಿತು. ಬಿಸಿಲು ಈಗ ಒಂಬತ್ತಕ್ಕೇ ಮೂರನೆಯ ಮೊಳೆ ದಾಟುತ್ತಿತ್ತು. ತಂಗಿಯ ಹೆಸರು ಸಾಲು ಬದಲಿಸಿದ ಮೇಲೆ ಎಲ್ಲ ಸಲೀಸಾಗಿ ಬಿಚ್ಚಿಕೊಂಡಿತಂತೆ. ಹದಿನಾಲ್ಕು ಜನ ಗಿಡ್ಡವರಲ್ಲೂ ಅದೇ ತುಂಡು, ಉದ್ದದವರು ಒಬ್ಬರಲ್ಲೂ ಇಲ್ಲ. ಆ ತುಂಡಿನೊಳಗೆ ಹುಡುಕಿ ಹುಡುಕಿ ಮೂರು ತಿಂಗಳಿಗೆ ಒಂದು ಜೀನ್, ಅದರೊಳಗೆ ಒಂದೇ ಒಂದು ಅಕ್ಷರ ಬೇರೆಯಾಗಿ ಬಿದ್ದದ್ದು ಸಿಕ್ಕಿತು. ಆಮೇಲೆ ಕೊಟ್ಟ ಮಗನ ರಕ್ತದಲ್ಲೂ ಮಗುವಿನ ರಕ್ತದಲ್ಲೂ ಅದೇ ಇತ್ತು. ಆಸ್ಪತ್ರೆಯವರು ಕಾಗದ ನೋಡಿ, ಇದಕ್ಕೆ ಆ ಸೂಜಿಯಿಂದ ಉಪಯೋಗವಿಲ್ಲ ಅಂತ ಒಪ್ಪಿ ನಿಲ್ಲಿಸಿದರು. ಒಂದು ಶನಿವಾರ ಎಲ್ಲರೂ ಮತ್ತೆ ಅಂಗಡಿಯಲ್ಲಿ ಸೇರಿದರು. ತಂಗಿ, ಅವಳ ಗಂಡ, ಮಗ, ಸೊಸೆ, ಮಗು, ಚಿಕ್ಕಪ್ಪನ ಮಕ್ಕಳು. ಡಾಕ್ಟರಮ್ಮ ನೆಲದ ಮೇಲೆ ಕೂತು, ಉದ್ದನೆಯ ಗೆರೆಯೊಂದರ ಮೇಲೆ ಒಂದು ಚುಕ್ಕೆ ತೋರಿಸಿ, ಇಲ್ಲಿ ಅಂದಳು.

ಅಕ್ಕ ಆ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಜ್ಜ, ಅಪ್ಪ, ಸೋದರತ್ತೆ, ಮೇಜಿನ ಮೇಲೆ ನಿಂತಿದ್ದ ಎಂಟು ವರ್ಷದ ಒಬ್ಬಳು ಹುಡುಗಿ. ಇಷ್ಟೇ ಜಾಗದಲ್ಲಿ.

‘ಇದು ತಪ್ಪು ಹೊಲಿಗೆಯಾ?’

‘ಬೇರೆ ಹೊಲಿಗೆ ಅಕ್ಕ. ಒಂದೇ ಒಂದು.’

‘ಬಿಚ್ಚಿ ಹಾಕ್ತೀರಾ?’

‘ಇಲ್ಲ. ಎಲ್ಲಿದೆ ಅಂತ ಗೊತ್ತಾಯ್ತು, ಸದ್ಯಕ್ಕೆ ಅಷ್ಟೇ. ಮುಂದೆ ಯಾವ ಮಗುವಿಗೂ ಸುಮ್ಮಸುಮ್ಮನೆ ಚುಚ್ಚಬೇಕಾಗಿಲ್ಲ.’

‘ಬಿಚ್ಚದಿದ್ದರೇ ಒಳ್ಳೇದು’ ಅಂದಳು ಅಕ್ಕ. ‘ಬಿಚ್ಚಿದ್ದು ಸಾಕು.’

ಮಗು ಕತ್ತರಿಸುವ ಮೇಜಿನ ಕೆಳಗೆ ಕೂತಿತ್ತು. ಡಾಕ್ಟರು ಅಂದ ಕೂಡಲೇ ಅಲ್ಲಿ ಹೋಗಿ ಸೇರಿತ್ತು. ದೊಡ್ಡವರು ಬಗ್ಗಿ ಕರೆದರು, ಬರಲಿಲ್ಲ. ಅಕ್ಕ ಹೆಚ್ಚು ಬಗ್ಗಬೇಕಾಗಿರಲಿಲ್ಲ. ಹೊಸ ದಾರದ ಉಂಡೆ ತಗೊಂಡು ಮೇಜಿನ ಕೆಳಗೆ ಸಲೀಸಾಗಿ ನುಸುಳಿ ಹೋಗಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಒಳಗಿನಿಂದ ಪಿಸಿಪಿಸಿ ಮಾತು ಕೇಳಿಸಿತು, ಆಮೇಲೆ ನಗು. ಇಬ್ಬರೂ ಹೊರಗೆ ಬಂದರು. ಮಗು ಗೋಡೆಗೆ ಬೆನ್ನು ಹಚ್ಚಿ ನಿಂತಿತು. ಅಕ್ಕ ಅಂಗಾಲಿನಿಂದ ದಾರ ಎಳೆದು, ನೆತ್ತಿಯ ಮೇಲೆ ಬೆರಳಿಟ್ಟು, ಎಷ್ಟಿತ್ತೋ ಅಷ್ಟಕ್ಕೆ, ಒಂದು ಕೂದಲೆಳೆ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಗಂಟು ಹಾಕಿದಳು. ಬಿಗಿಯಾಗಿ ಎಳೆದಳು. ಮೊದಲನೆಯ ಮೊಳೆಗೆ ತಗುಲಿಹಾಕು ಅಂತ ಮಗುವಿನ ಕೈಗೇ ಕೊಟ್ಟಳು. ತಂಗಿಯ ಗಂಡ ಆ ಮೊಳೆಯನ್ನು ಬೆಳಿಗ್ಗೆಯೇ ಕಿತ್ತು, ಮಗುವಿನ ಕೈಗೆ ಸಿಗುವ ಹಾಗೆ ಕೆಳಗೆ ಹೊಡೆದಿದ್ದ.

ಮೇಷ್ಟ್ರು ಆ ಗದ್ದಲದಲ್ಲೇ ಬಂದು, ಈ ಸಲವೂ ಎರಡು ಎಡ ತೋಳಾ ಅಂತ ಕೇಳಿ ಹೊಸ ಅಂಗಿ ತಗೊಂಡು ಹೋದರು. ಡಾಕ್ಟರಮ್ಮ ಅದೇ ಶನಿವಾರ ಸಂಜೆಯ ಬಸ್ಸಿಗೆ ಹೊರಟಳು, ಅಜ್ಜನ ದಾರದ ಒಂದು ತುಂಡು ಕೇಳಿ ಇಸಿದುಕೊಂಡು. ಮಗ ಸೊಸೆಯೂ ಅವತ್ತೇ ಹೋದರು, ಮಗು ಅಜ್ಜಿಯ ಜೊತೆ ಬರ್ತೀನಿ ಅಂತ ಉಳಿಯಿತು. ತಂಗಿಯೂ ಗಂಡನೂ ಆ ರಾತ್ರಿ ಅಕ್ಕನ ಮನೆಯಲ್ಲಿ ಉಳಿದರು. ಅಕ್ಕತಂಗಿಯರು ಒಂದೇ ಹಾಸಿಗೆಯಲ್ಲಿ ಕಾಲು ಚಾಚಿ, ಬೆರಳಿಗೆ ಬೆರಳು ಹಚ್ಚಿ ನೋಡಿಕೊಂಡರು. ಎತ್ತರದ ಬೂಟುಗಳನ್ನು ತಂಗಿ ಬಿಟ್ಟುಹೋದಳು. ಒಂದರ ಬೆಂಡು ಕಿತ್ತು ಅಕ್ಕ ಗುಂಡುಪಿನ್ನು ಚುಚ್ಚಿಡಲು ಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ, ಬಹಳ ಚೆನ್ನಾಗಿ ಹಿಡಿಯುತ್ತದೆ.

ಮಾರನೆಯ ದಿನ ಬಿಸಿಲು ಆರನೆಯ ಮೊಳೆಗೆ ಬಂದಾಗ, ಊಟ ಮುಗಿಸಿಕೊಂಡು ಅವರು ಹೊರಟರು. ಅಕ್ಕ ಹೊಸ್ತಿಲಲ್ಲಿ ನಿಂತು ನೋಡಿದಳು. ಬೀದಿಯಲ್ಲಿ ಇಬ್ಬರು ಹೆಂಗಸರು ತಿರುಗಿ ನೋಡಿದರು. ತಂಗಿ ತೆಳು ಚಪ್ಪಲಿಯಲ್ಲಿ ಪಟಪಟ ನಡೆಯುತ್ತಿದ್ದಳು, ಅವಳ ತಲೆ ಗಂಡನ ಭುಜಕ್ಕಿಂತ ಸರಿಯಾಗಿ ನಾಲ್ಕು ಬೆರಳು ಕೆಳಗೆ ಇತ್ತು. ನೋವಿಲ್ಲದ ಆ ಬಲಭುಜದ ಮೇಲೆ ಮಗು ಕೂತಿತ್ತು, ಎಲ್ಲರಿಗಿಂತ ಎತ್ತರದಲ್ಲಿ, ಎರಡೂ ಕೈ ಬೀಸುತ್ತ. ಅವತ್ತು ಭಾನುವಾರ.